ಬೇಸ್‌ಬಾಲ್ ಮೈದಾನದ ಚೆಲುವು

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಬೇಸ್‌ಬಾಲ್ ಮೈದಾನಗಳ ಫೋಟೊ ಕಳಿಸಿ ‘ಎಷ್ಟು ಚೆಂದ ನೋಡಪ್ಪ’ ಎನ್ನುತ್ತಾಳೆ. ನವುಲೆಯ ಕ್ರಿಕೆಟ್ ಮೈದಾನವನ್ನಷ್ಟೇ ಕಂಡ ನನಗೆ ಅವುಗಳ ವಿಶೇಷ ತಿಳಿಯಲಿಲ್ಲ.
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಚೆಂಡು ಹೊಡೆದವನು ಓಡುತ್ತ ಒಂದೊಂದಾಗಿ ಮುಟ್ಟಬೇಕಾದ ನಾಲ್ಕು ನೆಲೆಗಳಾದ ಬೇಸ್‌ಗಳ ನಡುವಿನ ಅಂತರ 90 ಅಡಿ ಎಂದು ನಿಗದಿಯಾಗಿದ್ದರೂ ಹೊರಗೋಡೆಯ ಆಕಾರ ಮೈದಾನದಿಂದ ಮೈದಾನಕ್ಕೆ ಬದಲಾಗುವುದರಿಂದ, ಅಭಿಮಾನಿಗೆ ತನ್ನೂರಿನ ಮೈದಾನದ ಓರೆಕೋರೆಯೇ ಚೆಲುವು. 1912ರಲ್ಲಿ ಆರಂಭವಾದ ಬಾಸ್ಟನ್ನಿನ ಫೆನ್‌ವೇ ಪಾರ್ಕ್‌ನಲ್ಲಿ, ರಸ್ತೆಗೆ ಒತ್ತಿಕೊಂಡಂತಿರುವ 37 ಅಡಿ ಎತ್ತರದ ಗೋಡೆಯನ್ನು ಜನ ಅಕ್ಕರೆಯಿಂದ ‘ಹಸಿರು ರಾಕ್ಷಸ’ ಎನ್ನುತ್ತಾರೆ. ನನಗೆ ಹೆಚ್ಚು ಹಿಡಿಸುವುದು ಷಿಕಾಗೊದ ರಿಗ್ಲಿ ಫೀಲ್ಡ್. ಮಳೆಗಾಲದಲ್ಲಿ ನಮ್ಮ ಪಾಗಾರವನ್ನು ಪಾಚಿ ಮುಚ್ಚುವಂತೆ, ಅಲ್ಲಿ 1937ರಲ್ಲಿ ನೆಟ್ಟ ಬಳ್ಳಿ ಇಟ್ಟಿಗೆ ಗೋಡೆಯನ್ನೆಲ್ಲ ಆವರಿಸಿದ್ದು, ಚೆಂಡು ಆ ಎಲೆಗಳಲ್ಲಿ ಸಿಕ್ಕಿಕೊಂಡರೆ ಹೊಡೆದವನಿಗೆ ಎರಡು ಬೇಸ್ ಮಾತ್ರ ದೊರೆಯುತ್ತದೆ. ಪಿಟ್ಸ್‌ಬರ್ಗ್‌ನ ಮೈದಾನದಲ್ಲಾದರೋ, ಗ್ಯಾಲರಿಯಲ್ಲಿ ಕುಳಿತವರಿಗೆ ಆಟದಾಚೆ ನದಿಯೂ ಹಳದಿ ಸೇತುವೆಯೂ ಕಾಣಿಸುತ್ತವೆ.