ಓದುಗರ ಪ್ರಶ್ನೆಗೆ ಉತ್ತರ: ಕರಕರ ಸದ್ದಿನೊಳಗಿನ ರಾಗ

ಪ್ರಶ್ನೆ: ಕರ್ಕಶ ಗಿಟಾರು, ಕಿರುಚು ದನಿಯ ರಾಕ್ ಪ್ರಕಾರವಾದ ಬ್ಲ್ಯಾಕ್ ಮೆಟಲ್ ನುಡಿಸುವ ನಾರ್ವೆಯ ಹಳೆಯ ತಂಡಗಳನ್ನು ಕಾಲೇಜಿನ ದಿನಗಳಿಂದಲೂ ಕೇಳುತ್ತಿದ್ದೇನೆ. ಈಗ ಬ್ಯಾಂಡ್‌ಕ್ಯಾಂಪ್ ಎಂಬ ಸಂಗೀತದ ಜಾಲತಾಣ ತೆರೆದರೆ ಹೆಸರೇ ಕೇಳದ ತಂಡಗಳ ಹೊಸ ಆಲ್ಬಮ್‌ಗಳು ದಿನವೂ ಕಾಣುತ್ತವೆ. ಹೆಚ್ಚಿನವುಗಳ ಧ್ವನಿಮುದ್ರಣ ಕಳಪೆ. ಇದು ಬೇಕೆಂದೇ ಮಾಡಿದ್ದೋ, ಮಾಡಲು ಬಾರದೆ ಆದದ್ದೋ ಎಂದು ತಿಳಿಯುವುದು ಹೇಗೆ?
– ಓದುಗರೊಬ್ಬರು, ಶಿರಸಿ

ಉತ್ತರ: ಎರಡೂ ಇವೆ, ಎರಡನೆಯದೇ ಹೆಚ್ಚು ಎನ್ನಲು ನನಗೆ ಸಂಕೋಚವಿಲ್ಲ. ಬೇಕೆಂದೇ ಮಾಡಿದ್ದು ಹೇಗಿರುತ್ತದೆ ಎಂಬುದಕ್ಕೆ ನೀವು ಖಂಡಿತ ಕೇಳಿರುವ ಡಾರ್ಕ್‌ಥ್ರೋನ್ ತಂಡವೇ ಸಾಕು. 1991ರಲ್ಲಿ ಬಂದ ಅವರ ಮೊದಲ ಆಲ್ಬಮ್ ಡೆತ್ ಮೆಟಲ್ ಎಂಬ ಸೋದರ ಪ್ರಕಾರದ್ದಾಗಿತ್ತು. ಸ್ಟಾಕ್‌ಹೋಮಿನ ಸನ್‌ಲೈಟ್ ಸ್ಟುಡಿಯೋದಲ್ಲಿ ಮುದ್ರಣಗೊಂಡ ಅದರಲ್ಲಿ ವಾದ್ಯಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ. ಮೂರು ವರ್ಷಗಳ ನಂತರ, ‘ಟ್ರಾನ್ಸಿಲ್ವೇನಿಯನ್ ಹಂಗರ್’ ಆಲ್ಬಮ್ಮಿಗಾಗಿ ತಂಡದ ಡ್ರಮ್ ವಾದಕ ಫೆನ್ರಿಜ್ ವಾದ್ಯಗಳೆಲ್ಲವನ್ನೂ ತಾನೊಬ್ಬನೇ ನುಡಿಸಿ ನಾಲ್ಕೇ ಟ್ರ್ಯಾಕಿನ ಸಾದಾ ಮುದ್ರಣ ಯಂತ್ರದಲ್ಲಿ ಮುದ್ರಿಸಿಕೊಂಡ. ಸ್ವಚ್ಛ ಧ್ವನಿ ಎಂದರೇನೆಂದು ಬಲ್ಲವರೇ ಅದನ್ನು ಕೈಬಿಟ್ಟರು ಎಂಬುದು ಇಲ್ಲಿ ಮುಖ್ಯ. ಆ ಆಲ್ಬಮ್ಮಿನಲ್ಲಿ ಬಾಸ್ ಇಲ್ಲವೆನ್ನುವಷ್ಟು ಕಡಿಮೆ, ಡ್ರಮ್ಮು ಹಿಂದೆ ಎಲ್ಲೋ ಒಂದೇ ಸಮನೆ ಓಡುತ್ತದೆ, ಗಿಟಾರಿನ ತೆಳ್ಳನೆಯ ರಾಗ ಮಾತ್ರ ಮುಂದೆ ನಿಲ್ಲುತ್ತದೆ. ಏನನ್ನು ಮುಳುಗಿಸಬೇಕು, ಏನನ್ನು ತೇಲಿಸಬೇಕು ಎಂಬ ತೀರ್ಮಾನ ಅದರೊಳಗಿದೆ.

ಹೊಸ ತಂಡಗಳಿಗೂ ನಾನು ಇದೇ ಪರೀಕ್ಷೆಯನ್ನು ಒಡ್ಡುತ್ತೇನೆ. ಒಂದು ಹಾಡನ್ನು ಎರಡು ಸಲ ಕೇಳಿ, ನಿಲ್ಲಿಸಿ, ಗಿಟಾರಿನ ಎಳೆಯನ್ನು ಬಾಯಲ್ಲಿ ಗುನುಗಲು ನೋಡಿ. ಗುನುಗಲು ಬಂದರೆ ಆ ಕರಕರ ಸದ್ದು ಒಂದು ಆಯ್ಕೆ; ಬಾರದಿದ್ದರೆ, ಬಹುಶಃ ಡ್ರಮ್ಮು, ಕಿರುಚು ದನಿ, ಗಿಟಾರು ಮೂರೂ ಒಂದೇ ಜಾಗಕ್ಕಾಗಿ ಜಗಳವಾಡುತ್ತಿವೆ. ಗದ್ದೆಯಾಚೆಯ ಊರಿನಲ್ಲಿ ರಾತ್ರಿ ಯಕ್ಷಗಾನ ನಡೆಯುವಾಗ ಹಳೆಯ ಲೌಡ್‌ಸ್ಪೀಕರಿನಿಂದ ಬರುವ ಹಾಡಿನ ಸಾಹಿತ್ಯ ನಮಗೆ ಒಂದಕ್ಷರವೂ ತಿಳಿಯದಿದ್ದರೂ, ಭಾಗವತರ ಏರುದನಿಯೂ ಚಂಡೆಯೂ ಗಾಳಿಯಲ್ಲಿ ತೇಲಿ ಬಂದು ಪ್ರಸಂಗ ಯುದ್ಧಕ್ಕೆ ತಿರುಗಿತೆಂದು ತಿಳಿಸಿಬಿಡುತ್ತವಲ್ಲ, ಒಳ್ಳೆಯ ಬ್ಲ್ಯಾಕ್ ಮೆಟಲ್ ಕೂಡ ಹಾಗೆಯೇ ದೂರವನ್ನು ದಾಟಿ ಬರುತ್ತದೆ.

ಎಲ್ಲಿಂದ ಶುರುಮಾಡಬೇಕೆಂದರೆ, ಸ್ವಿಟ್ಜರ್ಲೆಂಡಿನ ಪೇಯ್‌ಸಾಜ್ ದಿವೇರ್. 1990ರ ದಶಕದ ಕೊನೆಯಿಂದ ಹೆಚ್ಚಾಗಿ ಡೆಮೊಗಳನ್ನೇ, ಅಂದರೆ ಕಚ್ಚಾ ಮುದ್ರಣಗಳನ್ನೇ, ಹೊರತರುತ್ತ ಬಂದ ಈ ಒಬ್ಬನೇ ಕಲಾವಿದನ ತಂಡದ ಮೊದಲ ಪೂರ್ಣ ಆಲ್ಬಮ್ ಬಂದದ್ದು 2020ರಲ್ಲಿ. ಅದರ ಉದ್ದ ಸುಮಾರು ಎರಡು ಗಂಟೆ. ಹಿಮಗಾಳಿಯ ಸದ್ದಿನೊಳಗೆ ಗಿಟಾರು ಕರಗಿಹೋಗುವ ಆ ಸಂಗೀತವನ್ನು ಹಂಚಿನ ಮೇಲೆ ಆಷಾಢದ ಮಳೆ ಬೀಳುತ್ತಿರುವಾಗ ಕೇಳಿದರೆ ಯಾವುದು ಹೊರಗಿನದು, ಯಾವುದು ಸ್ಪೀಕರಿನದು ಎಂದು ಗೊತ್ತಾಗುವುದಿಲ್ಲ. ಬ್ರೆಜಿಲ್ ರಾಜಧಾನಿಯ ಕಾಟಾಯ್ರಾ ಕೂಡ ಒಬ್ಬನದೇ ತಂಡ. ಅಲ್ಲಿ ಅಕೂಸ್ಟಿಕ್ ಗಿಟಾರು ಮತ್ತು ಆ ನಾಡಿನ ಲಯಗಳು ಬ್ಲಾಸ್ಟ್ ಬೀಟ್ ಎಂಬ ಅತಿವೇಗದ ಡ್ರಮ್ಮಿನ ಜೊತೆಗೇ ಬರುತ್ತವೆ. ನಾರ್ವೆಯ ಹಳೆಯ ಜಾಡೇ ಬೇಕೆನ್ನುವವರಿಗೆ ಕೆನಡಾದ ಮಾಂಟ್ರಿಯಲ್ಲಿನ ಸ್ಪೆಕ್ಟ್ರಲ್ ವೂಂಡ್ ತಂಡದ 2024ರ ಆಲ್ಬಮ್ ಇದೆ. ಕೋಲ್ಕತ್ತದ ಟೆಟ್ರಾಗ್ರಾಮಸೈಡ್ ನಮ್ಮ ದೇಶದ್ದೇ ಆದರೂ ಗುನುಗುವ ಪರೀಕ್ಷೆಯಲ್ಲಿ ಅದು ತೇರ್ಗಡೆಯಾಗುವುದಿಲ್ಲ. ಅದು ಬರೀ ಸಿಡಿಮದ್ದು, ಸಿಡಿಮದ್ದಾಗಿಯೇ ಕೇಳಬೇಕು. ನನ್ನ ಪರೀಕ್ಷೆಗೂ ಮಿತಿಯಿದೆ.

ಪ್ರಶ್ನೆ: ಪೋಲೆಂಡಿನಿಂದ ಅಂಚೆಯಲ್ಲಿ ತರಿಸಿದ, ನೂರೇ ಪ್ರತಿಗಳಿದ್ದ ಡೆಮೊ ಕ್ಯಾಸೆಟ್ಟಿಗೆ ಈ ಮಳೆಗಾಲದಲ್ಲಿ ಬೂಸ್ಟು ಹಿಡಿದಿದೆ. ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಾಣುತ್ತಿದೆ. ಒಮ್ಮೆ ಹಾಕಿ ನೋಡಲೇ?
– ಓದುಗರೊಬ್ಬರು, ಕಾರವಾರ

ಉತ್ತರ: ದಯವಿಟ್ಟು ಹಾಕಬೇಡಿ. ಆ ಪುಡಿ ಪ್ಲೇಯರಿನ ಹೆಡ್ಡಿಗೂ ರಬ್ಬರ್ ಉರುಳೆಗೂ ಅಂಟಿ, ನಿಮ್ಮ ಉಳಿದ ಕ್ಯಾಸೆಟ್ಟುಗಳಿಗೂ ದಾಟುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬಿಸಿಲಿಲ್ಲದ ಒಣ ಜಾಗದಲ್ಲಿ, ಕ್ಯಾಸೆಟ್ಟಿನ ಹಲ್ಲಿಗೆ ಪೆನ್ಸಿಲ್ ಸಿಕ್ಕಿಸಿ ಟೇಪನ್ನು ನಿಧಾನವಾಗಿ ಸುತ್ತುತ್ತ, ಹೊರಗೆ ಕಾಣುವ ಭಾಗವನ್ನು ನೂಲು ಬಿಡದ ಮೆತ್ತನೆಯ ಒಣಬಟ್ಟೆಯಿಂದ ಹಗುರವಾಗಿ ಒರೆಸಿ. ಅರ್ಧ ಅಡಿಗೊಮ್ಮೆ ಬಟ್ಟೆಯ ಮಡಿಕೆ ಬದಲಿಸಿ. ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಅಲ್ಲೇ ನಿಲ್ಲಿಸಿ. ಎಳೆದರೆ ಟೇಪಿನ ಕಂದು ಲೇಪವೇ ಕಿತ್ತುಬರುತ್ತದೆ, ಹಾಡು ಇರುವುದು ಆ ಲೇಪದಲ್ಲಿಯೇ. ಬಿಸಿಲಿಗೆ ಇಡಬಾರದು, ಅಡಿಕೆ ಒಣಗುತ್ತದೆಂದು ಒಲೆಯ ಮೇಲಿನ ಅಟ್ಟಕ್ಕೂ ಏರಿಸಬಾರದು. ನಾನು ಒಮ್ಮೆ ಜಾಣನಂತೆ ಎರಡು ಕ್ಯಾಸೆಟ್ಟುಗಳನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟಿದ್ದೆ. ತೇವವೇನೋ ಹೋಯಿತು, ಆದರೆ ತೌಡಿನ ಪುಡಿ ಒಳಗೆ ಸೇರಿ ಒಂದು ಬದಿ ಇಂದಿಗೂ ಗೊರಗೊರ ಎನ್ನುತ್ತದೆ. ಅದು ಬ್ಲ್ಯಾಕ್ ಮೆಟಲ್ ಆದ್ದರಿಂದ ಮನೆಗೆ ಬಂದವರಿಗೆ ವ್ಯತ್ಯಾಸ ತಿಳಿಯಲಿಲ್ಲ, ನನಗೆ ತಿಳಿಯಿತು. ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಾಳಿಯಾಡದ ಡಬ್ಬದಲ್ಲಿಡುವುದೇ ಸರಿ. ಇಂಥ ಕ್ಯಾಸೆಟ್ಟಿನ ಜೊತೆ ಸಾಮಾನ್ಯವಾಗಿ ಡೌನ್‌ಲೋಡ್ ಸಂಕೇತದ ಚೀಟಿಯೊಂದು ಬಂದಿರುತ್ತದೆ, ಹುಡುಕಿ ನೋಡಿ.

ಪ್ರಶ್ನೆ: ಈ ಪ್ರಕಾರದಲ್ಲಿ ಜನಾಂಗದ್ವೇಷ ಹಬ್ಬಿಸುವ ತಂಡಗಳಿವೆಯೆಂದು ಮಗ ಹೇಳುತ್ತಾನೆ. ಗೊತ್ತಿಲ್ಲದೆ ಅಂಥವರಿಗೆ ಹಣ ಕೊಡದಿರುವುದು ಹೇಗೆ?
– ಓದುಗರೊಬ್ಬರು, ಕುಮಟಾ

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ. ಈ ರಂಗದಲ್ಲಿ ಮೊದಲು ಕಂಡದ್ದು ಹಿಂಸೆ. 1992ರಲ್ಲಿ ನಾರ್ವೆಯ ಫಾಂಟೋಫ್ಟ್ ಎಂಬಲ್ಲಿನ ಮರದ ಚರ್ಚಿಗೆ ಬೆಂಕಿ ಬಿತ್ತು. 1993ರಲ್ಲಿ ಮೇಹೆಮ್ ತಂಡದ ಗಿಟಾರ್ ವಾದಕನ ಕೊಲೆಯಾಯಿತು. 1994ರಲ್ಲಿ ಆ ಕೊಲೆಗೂ ಬೇರೆ ಚರ್ಚುಗಳನ್ನು ಸುಟ್ಟದ್ದಕ್ಕೂ ಬರ್ಜಮ್ ಎಂಬ ಒಬ್ಬನದೇ ತಂಡದ ವರ್ಗ್ ವಿಕೆರ್ನೆಸ್‌ಗೆ 21 ವರ್ಷಗಳ ಶಿಕ್ಷೆಯಾಯಿತು. ನಾಜಿ ವಿಚಾರವನ್ನು ಬಹಿರಂಗವಾಗಿ ಸಾರುವ ತಂಡಗಳು ಆಮೇಲೆ ಹಲವು ದೇಶಗಳಲ್ಲಿ ಹುಟ್ಟಿಕೊಂಡವು. ಕೊಳ್ಳುವ ಮೊದಲು ಆಲ್ಬಮ್ ಹೊರತಂದ ಸಂಸ್ಥೆಯ, ಅಂದರೆ ಲೇಬಲ್ಲಿನ, ಉಳಿದ ಬಿಡುಗಡೆಗಳನ್ನು ನೋಡಿ: ಒಂದು ತಂಡ ಮಾತು ಮರೆಸಬಹುದು, ಲೇಬಲ್ಲಿನ ಪಟ್ಟಿ ಮರೆಸುವುದು ಕಷ್ಟ. ಮುಖಪುಟದ ಚಿಹ್ನೆಗಳನ್ನೂ ಕೃತಜ್ಞತೆ ಸಲ್ಲಿಸಿದ ತಂಡಗಳ ಹೆಸರುಗಳನ್ನೂ ಗಮನಿಸಿ. ಪುರಾತನ ದೇವತೆಗಳನ್ನು ಹಾಡಿದ ಮಾತ್ರಕ್ಕೆ ಯಾರನ್ನೂ ದೂರಲಾಗದು. ಸಂಗೀತ ಬೇರೆ, ವಿಚಾರ ಬೇರೆ ಎಂಬ ವಾದವನ್ನು ನಾನು ಬಹಳ ಕೇಳಿದ್ದೇನೆ. ಕಳಿಸುವ ಹಣ ಮಾತ್ರ ಎರಡಕ್ಕೂ ಒಟ್ಟಿಗೇ ಹೋಗುತ್ತದೆ.

ಪ್ರಶ್ನೆ: ಈ ಕಲಾವಿದರ ಕಪ್ಪು ಬಿಳಿ ಮುಖವರ್ಣಿಕೆ ಯಕ್ಷಗಾನದ ರಾಕ್ಷಸ ವೇಷದಿಂದ ಹೋದದ್ದೇ?
– ಓದುಗರೊಬ್ಬರು, ಅಂಕೋಲಾ

ಉತ್ತರ: ಅಲ್ಲ. ಅದರ ಮೂಲ ಪಾಶ್ಚಾತ್ಯ ರಾಕ್ ರಂಗದಲ್ಲಿದೆ. ಬ್ರೆಜಿಲ್ಲಿನ ಸಾರ್ಕೋಫಾಗೋ ತಂಡ 1987ರಲ್ಲಿಯೇ ಇಂಥ ಬಣ್ಣದಲ್ಲಿ ಕಾಣಿಸಿಕೊಂಡಿತ್ತು. ಉದ್ದೇಶವೂ ಬೇರೆ: ತೆಂಕುತಿಟ್ಟಿನ ಬಣ್ಣದ ವೇಷದಲ್ಲಿ ಅಕ್ಕಿಹಿಟ್ಟು, ಸುಣ್ಣದ ಚುಟ್ಟಿಯನ್ನು ಚುಕ್ಕೆಚುಕ್ಕೆಯಾಗಿ ಇಟ್ಟು ಮುಖವನ್ನು ಹಿಗ್ಗಿಸುತ್ತಾರೆ, ಇವರು ಕಣ್ಣಿನ ಸುತ್ತ ಕಪ್ಪು ಬಳಿದು ಮುಖವನ್ನು ಹೆಣದಂತೆ ಬತ್ತಿಸುತ್ತಾರೆ. ಚುಟ್ಟಿಗೆ ಗಂಟೆಗಟ್ಟಲೆ ಬೇಕು, ಇವರದು ಕನ್ನಡಿಯ ಮುಂದೆ ಹತ್ತು ನಿಮಿಷದ ಕೆಲಸ.