ಬೇಸ್ ಗುಂಯ್ ಅನ್ನುತ್ತೆ, 50 ಸಾವಿರದೊಳಗೆ ಯಾವ ಆಂಪ್ಲಿಫೈಯರ್ ತಗೊಳ್ಳಲಿ?

ಯಾವುದನ್ನೂ ತಗೋಬೇಡಿ. ಟಿವಿ ಅಕ್ಕಪಕ್ಕದ ಶೋಕೇಸ್ ಗೂಡುಗಳಲ್ಲಿ ಸ್ಪೀಕರ್ ಇಟ್ಟಿದ್ದೀನಿ, ಬೇಸ್ ಗುಂಯ್ ಅನ್ನುತ್ತೆ, ಹಾಡುವವರ ಧ್ವನಿ ಕಂಬಳಿ ಹೊದ್ದ ಹಾಗಿದೆ ಅಂತ ಬರೆದಿದ್ದೀರಿ. ಓದುತ್ತಿದ್ದ ಹಾಗೆ 2016ರಲ್ಲಿ ನಾವಿದ್ದ ವಿಜಯನಗರದ ಬಾಡಿಗೆ ಮನೆ ಕಣ್ಣಮುಂದೆ ಬಂತು. ಇದೇ ಗೂಡು, ಇದೇ ಗುಂಯ್. ನಾನು ಕೇಳಿದವರೆಲ್ಲ ಆಂಪ್ಲಿಫೈಯರ್ ಹೆಸರುಗಳನ್ನೇ ಹೇಳಿದರು. ನಾನು ಒಂದಾದ ಮೇಲೊಂದು ಕೊಂಡೆ.

ನನಗೆ ಬೇಕಾಗಿದ್ದು ದೊಡ್ಡ ಸದ್ದಲ್ಲ. ಅಪ್ಪನ ಕ್ಯಾಸೆಟ್‌ಗಳಲ್ಲಿ ಮಲ್ಲಿಕಾರ್ಜುನ ಮನ್ಸೂರರ ಗಾಯನ, ದೊರೆಸ್ವಾಮಿ ಅಯ್ಯಂಗಾರರ ವೀಣೆ ಕೇಳಿ ಬೆಳೆದವನು ನಾನು. ಅದನ್ನೇ ಒಂದು ಸಲ ಚೆನ್ನಾಗಿ ಕೇಳಬೇಕು ಅನ್ನೋ ಆಸೆ. ಐದು ಇಂಚಿನ ವೂಫರ್ (ತಗ್ಗು ಸ್ವರ ನುಡಿಸುವ ದೊಡ್ಡ ಕೋನ್) ಇರುವ, ಹಿಂಬದಿಗೆ ಪೋರ್ಟ್ (ಬೇಸ್ ಹೊರಬರುವ ತೂತು) ಇರುವ ಸ್ಪೀಕರ್ ಜೋಡಿ ತಂದೆ, ಜೊತೆಗೆ 18 ಸಾವಿರದ ಆಂಪ್. ಗೂಡಿನಲ್ಲಿ ಇಟ್ಟು ವೀಣೆ ಹಾಕಿದರೆ ಮೀಟು ಕೇಳುತ್ತಿತ್ತು, ಮೀಟಾದ ಮೇಲೆ ತಂತಿ ಎಳೆದು ತೆಗೆಯುವ ಗಮಕ ಅರ್ಧದಲ್ಲೇ ಕರಗಿಹೋಗುತ್ತಿತ್ತು. ಮೃದಂಗದ ಎಡಭಾಗ ಮಾತ್ರ ಯಾರೋ ಪಕ್ಕದ ಮನೆಯಲ್ಲಿ ಗೋಣಿಚೀಲ ಬಡಿದ ಹಾಗೆ. ಆಂಪ್‌ಗೆ ಶಕ್ತಿ ಸಾಲದು ಅಂತ ತೀರ್ಮಾನಿಸಿದೆ. ಅದನ್ನು ಸಹೋದ್ಯೋಗಿಗೆ 11 ಸಾವಿರಕ್ಕೆ ಕೊಟ್ಟು 32 ಸಾವಿರದ್ದು ತಂದೆ. ವರ್ಷ ತುಂಬುವ ಮೊದಲೇ ಅದನ್ನೂ 21ಕ್ಕೆ ಮಾರಿ 54 ಸಾವಿರದ್ದು ತಂದೆ. ಗುಂಯ್ ಹೋಗಲಿಲ್ಲ.

ಪ್ರತಿ ಸಲವೂ ಮೋಸಹೋಗಿದ್ದು ಹೇಗೆ ಅನ್ನೋದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನೀವೂ ಅಲ್ಲೇ ನಿಂತಿದ್ದೀರಿ. ಅಂಗಡಿಯ ಡೆಮೊ ಕೋಣೆಯಲ್ಲಿ ಸ್ಪೀಕರ್‌ಗಳು ಗೋಡೆಯಿಂದ ಮೂರಡಿ ಮುಂದೆ ಸ್ಟ್ಯಾಂಡ್ ಮೇಲಿದ್ದವು, ಕೆಳಗೆ ದಪ್ಪ ಕಾರ್ಪೆಟ್. ಅಲ್ಲಿ ಕೇಳಿದ ಸೊಗಸೆಲ್ಲ ಆಂಪ್‌ನದು ಅಂದುಕೊಂಡೆ, ಅದು ಆ ಕೋಣೆಯದು. ಮನೆಗೆ ತಂದ ದಿನವೂ ಹೊಸದು ಚೆನ್ನಾಗಿಯೇ ಕೇಳಿಸಿತು, ಅದಕ್ಕೂ ಕಾರಣವಿತ್ತು. ವಾಲ್ಯೂಮ್ ಗುಂಡಿಯನ್ನು ಅಷ್ಟೇ ತಿರುಗಿಸಿದರೂ ಒಂದೊಂದು ಆಂಪ್ ಒಂದೊಂದು ಮಟ್ಟದ ಸದ್ದು ಕೊಡುತ್ತದೆ. ಸ್ವಲ್ಪ ಜೋರಾಗಿರುವುದನ್ನು ಕಿವಿ ‘ಜೋರು’ ಅನ್ನೋದಿಲ್ಲ, ‘ತುಂಬಿದೆ, ಬಿಡಿಬಿಡಿಯಾಗಿದೆ’ ಅನ್ನುತ್ತದೆ. ಸದ್ದು ಕಡಿಮೆಯಾದಷ್ಟೂ ನಮ್ಮ ಕಿವಿಗೆ ಬೇಸ್ ಉಳಿದ ಸ್ವರಗಳಿಗಿಂತ ಇನ್ನಷ್ಟು ಕಮ್ಮಿ ಕೇಳುತ್ತದೆ ಅಂತ ಫ್ಲೆಚರ್ ಮತ್ತು ಮನ್ಸನ್ ಅನ್ನೋ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದಾರೆ. ಹತ್ತು ದಿನ ಕಳೆದು ನನ್ನ ಮಾಮೂಲಿ ಮಟ್ಟಕ್ಕೆ ಇಳಿಸಿದೆ, ಗುಂಯ್ ಅಲ್ಲೇ ಇತ್ತು. ಅಷ್ಟೆಲ್ಲ ಬದಲಾಯಿಸುವಾಗ ಸ್ಪೀಕರನ್ನು ಮಾತ್ರ ಗೂಡಿನಿಂದ ಒಮ್ಮೆಯೂ ಹೊರಗೆ ತೆಗೆಯಲಿಲ್ಲ. ಶೋಕೇಸ್ ಇರುವುದೇ ಇಡುವುದಕ್ಕೆ, ಅಲ್ಲಿ ಇಟ್ಟರೆ ಚೆಂದ ಅನ್ನೋದು ಬಿಟ್ಟು ಬೇರೆ ಯೋಚನೆಯೇ ಬರಲಿಲ್ಲ.

ಗೊತ್ತಾಗಿದ್ದು ಸುಣ್ಣಬಣ್ಣದ ದಿನ. ಗೌರಿ ಹಬ್ಬಕ್ಕೆ ಮುಂಚೆ ಮನೆಗೆ ಬಣ್ಣ ಹೊಡೆಸುತ್ತಿದ್ದೆವು. ಶೋಕೇಸ್ ಖಾಲಿ ಮಾಡಿ, ಹಾಸಿಗೆ, ಬಟ್ಟೆಗಂಟು ಎಲ್ಲ ಹಾಲ್‌ನಲ್ಲಿ ರಾಶಿ ಹಾಕಿದ್ದೆವು. ಸ್ಪೀಕರ್‌ಗಳು ಎರಡು ಸ್ಟೂಲಿನ ಮೇಲೆ ನಡುಮನೆಗೆ ಬಂದಿದ್ದವು. ಕೆಲಸದ ಬೇಸರಕ್ಕೆ ಅಂತ ಮನ್ಸೂರರನ್ನು ಹಾಕಿದೆ. ಅಮ್ಮ ಪಾತ್ರೆ ಒರೆಸುತ್ತಿದ್ದವರು ತಲೆಯೆತ್ತಿ, “ಇವತ್ತು ಪದ ಬಿಡಿಸಿ ಕೇಳ್ತಿದೆ ಕಣೋ, ಏನ್ ಮಾಡ್ದೆ?” ಅಂದರು. ಏನೂ ಮಾಡಿರಲಿಲ್ಲ. ತಂಬೂರಿ ಹಿಂದೆ ಹರಡಿಕೊಂಡು ಕೂತಿತ್ತು, ಅದರ ಮುಂದೆ ಧ್ವನಿ, ಉಸಿರು ಎಳೆದುಕೊಳ್ಳುವುದೂ ಸೇರಿ. ವೀಣೆ ಹಾಕಿದೆ. ಎಳೆದ ತಂತಿ ವಾಪಸ್ ತನ್ನ ಸ್ವರಕ್ಕೆ ಬಂದು ನಿಲ್ಲುವವರೆಗೂ ಕೇಳಿತು. ನಾನು ಬ್ರಷ್ ಕೆಳಗಿಟ್ಟು ನೆಲದ ಮೇಲೆ ಕೂತುಬಿಟ್ಟೆ. ಎರಡು ದಿನ ಆದಮೇಲೆ ಎಲ್ಲ ಮೊದಲಿನ ಜಾಗಕ್ಕೆ ಹೋಯಿತು, ಗುಂಯ್ ವಾಪಸ್ ಬಂತು.

ಆಮೇಲೆ ಕೂತು ಲೆಕ್ಕ ಹಾಕಿದೆ. ತಗ್ಗು ಸ್ವರಗಳು ಸ್ಪೀಕರ್‌ನ ಮುಂದಕ್ಕೆ ಮಾತ್ರ ಹೋಗುವುದಿಲ್ಲ, ಸುತ್ತಲೂ ಹರಡುತ್ತವೆ. ಹಿಂದೆ ಗೋಡೆ ಅಂಟಿಕೊಂಡಿದ್ದರೆ ಅದು ವಾಪಸ್ ತಳ್ಳಿ ಸುಮಾರು 6 ಡೆಸಿಬೆಲ್‌ವರೆಗೂ ಬೇಸ್ ಏರಿಸುತ್ತದೆ, ಮೂಲೆಯಾದರೆ ಇನ್ನೂ ಹೆಚ್ಚು. ಗೂಡು ಅಂದರೆ ಎಲ್ಲ ಕಡೆಯೂ ಗೋಡೆ, ಮೇಲಾಗಿ ಪೋರ್ಟ್ ಹಿಂಬದಿಗೆ. ಕೋಣೆಯ ಅಳತೆಯೂ ಸೇರಿಕೊಳ್ಳುತ್ತದೆ. ನಮ್ಮ ಹಾಲ್ 12 ಅಡಿ ಉದ್ದ, 10 ಅಡಿ ಅಗಲ, ಸೂರು 10 ಅಡಿ. ಹತ್ತಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಜ್‌ನ, ಅಂದರೆ ಸೆಕೆಂಡಿಗೆ 56 ಸಲ ಕಂಪಿಸುವ, ಅಲೆ ಅಲ್ಲೇ ನಿಂತು ಉಬ್ಬಿಬಿಡುತ್ತದೆ. ಅಗಲ, ಎತ್ತರ ಎರಡೂ ಹತ್ತೇ ಆದ್ದರಿಂದ ಅದೇ ಸ್ವರ ಎರಡು ಕಡೆಯಿಂದ ಉಬ್ಬುತ್ತಿತ್ತು. ಉದ್ದದ ಕಡೆಗೆ ಇನ್ನೊಂದು, ಸುಮಾರು 47. ಇಂಥ ಅಲೆಗಳು ಗೋಡೆಯ ಬಳಿಯೇ ಅತಿ ಜೋರು, ನಾನು ಕೂರುತ್ತಿದ್ದ ದಿವಾನ ಇದ್ದಿದ್ದು ಹಿಂದಿನ ಗೋಡೆಗೆ ತಾಗಿಕೊಂಡು. ಬರೀ ಸದ್ದು ಹಿಗ್ಗಿಸುವ ಆಂಪ್ ಎಂಥದ್ದು ತಂದರೂ ಇದರಲ್ಲಿ ಒಂದನ್ನೂ ಅದು ಸರಿಮಾಡಲಾರದು.

ಇಷ್ಟಾದಮೇಲೂ ಅನುಮಾನವಿತ್ತು. ಸಹೋದ್ಯೋಗಿಯಿಂದ ಆ 18 ಸಾವಿರದ ಆಂಪ್ ಒಂದು ಭಾನುವಾರಕ್ಕೆ ಕೇಳಿ ತಂದೆ. 60 ಹರ್ಟ್ಜ್ ಟೋನ್ ಹಾಕಿ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡ ಮಲ್ಟಿಮೀಟರನ್ನು ಸ್ಪೀಕರ್ ಟರ್ಮಿನಲ್‌ಗೆ ಹಿಡಿದು, ಎರಡರ ಸದ್ದೂ ಸಮ ಇರಲಿ ಅಂತ ಎರಡೂ ಆಂಪ್‌ಗಳ ವೋಲ್ಟೇಜ್ ಒಂದೇ ಮಾಡಿದೆ. ಇಲ್ಲಿ ಶೇಕಡಾ ಒಂದರಷ್ಟು ಹತ್ತಿರ ಬರಬೇಕು, ಕಿವಿಯ ಅಂದಾಜು ಸಾಲದು. ಹೆಂಡತಿ ನನಗೆ ಕಾಣದಂತೆ ವೈರ್ ಬದಲಾಯಿಸಿದಳು. ಈಗ ನುಡಿಯುತ್ತಿರುವುದು ಯಾವ ಆಂಪ್ ಅಂತ 15 ಸಲದಲ್ಲಿ 8 ಸಲ ಸರಿಯಾಗಿ ಹೇಳಿದೆ, ನಾಣ್ಯ ಚಿಮ್ಮಿದರೂ ಅಷ್ಟು ಬರುತ್ತಿತ್ತು. 54 ಸಾವಿರದ್ದು ನನ್ನ ಕೋಣೆಯಲ್ಲಿ, ನನ್ನ ಸ್ಪೀಕರ್‌ಗೆ, ಏನನ್ನೂ ಹೆಚ್ಚಿಗೆ ಕೊಡುತ್ತಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಹಾಗಾಗಿ ‘ಯಾವ ಆಂಪ್ ಧ್ವನಿಯನ್ನು ತಿಳಿಯಾಗಿಸುತ್ತೆ’ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಶಕ್ತಿ ಸಾಲದು ಅಂತ ಯಾರಾದರೂ ಹೇಳಿದರೆ, 1978ರಲ್ಲಿ ಬಂದ ಎನ್‌ಎಡಿ 3020 ಅನ್ನೋ ಆಂಪ್ ನೆನಪಿಸಿಕೊಳ್ಳಿ. ಅದರ ಮೇಲೆ ಬರೆದಿದ್ದು ಬರೀ 20 ವಾಟ್, ಲೋಕವೆಲ್ಲ ಅದರಲ್ಲಿ ಸಂಗೀತ ಕೇಳಿತು. ವಾಟ್ ದುಪ್ಪಟ್ಟಾದರೆ ಸಿಗುವುದು 3 ಡೆಸಿಬೆಲ್ ಅಷ್ಟೇ, ಕಿವಿಗೆ ತುಸು ಜೋರು ಅನ್ನಿಸುವಷ್ಟು. ಸ್ಪೀಕರ್ 4 ಓಮ್‌ನದಾಗಿದ್ದು (ಆಂಪ್‌ನಿಂದ ಹೆಚ್ಚು ಕರೆಂಟ್ ಎಳೆಯುವಂಥದ್ದು) ಸೆನ್ಸಿಟಿವಿಟಿಯೂ (ಕೊಟ್ಟ ಶಕ್ತಿಗೆ ಹೊರಡಿಸುವ ಸದ್ದು) ಕಡಿಮೆಯಿದ್ದರೆ, ಹಾಲ್ ತುಂಬ ದೊಡ್ಡದಾಗಿದ್ದರೆ, ಅಥವಾ ಈಗಿನ ಆಂಪ್ ಹಿಸ್ ಅನ್ನುತ್ತಿದ್ದರೆ ಆಗ ಬೇರೆ ಮಾತು. ನೀವು ಬರೆದಿದ್ದರಲ್ಲಿ ಅದ್ಯಾವುದೂ ಕಾಣಲಿಲ್ಲ.

ಇವತ್ತು ರಾತ್ರಿಯೇ ಸ್ಪೀಕರ್‌ಗಳನ್ನು ಎರಡು ಊಟದ ಕುರ್ಚಿಗಳ ಮೇಲೆ ಇಟ್ಟು ಗೋಡೆಯಿಂದ ಎರಡಡಿ ಮುಂದಕ್ಕೆ ತನ್ನಿ. ಟ್ವೀಟರ್ (ಮೇಲುಸ್ವರ ನುಡಿಸುವ ಚಿಕ್ಕ ಭಾಗ) ನಿಮ್ಮ ಕಿವಿಯ ಎತ್ತರಕ್ಕಿರಲಿ. ನೀವು ಕೂರುವ ಜಾಗವನ್ನೂ ಹಿಂದಿನ ಗೋಡೆಯಿಂದ ಎರಡಡಿಯಾದರೂ ಬಿಡಿಸಿ. ಇಷ್ಟರ ಮೇಲೂ ಗುಂಯ್ ಉಳಿದರೆ ಪೋರ್ಟ್‌ಗೆ ಹಳೆಯ ಕಾಲುಚೀಲ ಸುತ್ತಿ ತುರುಕಿ. ಒಂದು ವಾರ ಹೀಗೇ ಕೇಳಿ, ಆಮೇಲೆ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಒಳಗೆ ಮರಳು ತುಂಬಿಸಿ. ನನಗೆ ಜೋಡಿಗೆ 2,800 ರೂಪಾಯಿ ಆಯಿತು. ಕಾರ್ಪೆಟ್ಟನ್ನೂ ಹಾಕಿ, ಆದರೆ ಅದು ಟೈಲ್ಸ್ ನೆಲದ ಕಿರ್ರೆನ್ನುವ ಪ್ರತಿಧ್ವನಿಯನ್ನು ತಗ್ಗಿಸುತ್ತದೆ, ಬೇಸ್‌ಗೆ ಏನೂ ಮಾಡುವುದಿಲ್ಲ.

ಸ್ಪೀಕರ್ ಹಾಲ್ ನಡುವೆ ನಿಂತರೆ ಓಡಾಡೋದು ಹೇಗೆ ಅಂತ ಮನೆಯವರು ಕೇಳಿಯೇ ಕೇಳುತ್ತಾರೆ. ನಮ್ಮನೆಯಲ್ಲಿ ನೆಲಕ್ಕೆ ಬಿಳಿ ಟೇಪಿನ ಎರಡು ಗುರುತು ಹಾಕಿದ್ದೀನಿ. ಸಂಜೆ ಕೇಳಲು ಕೂರುವಾಗ ಸ್ಟ್ಯಾಂಡ್ ಎಳೆದು ಗುರುತಿಗೆ ಇಡ್ತೀನಿ, ಮುಗಿದ ಮೇಲೆ ಗೋಡೆಗೆ ತಳ್ತೀನಿ. ಈಗೀಗ ಏಳು ಗಂಟೆಗೆ ಅಮ್ಮನೇ ಎಳೆದು ಇಟ್ಟಿರುತ್ತಾರೆ.