ಯೆಜ್ಡಿ ಮಾರುವ ಮಾತನ್ನು ಮೊಣಕಾಲಿನ ಮೇಲೆ ಹೊರಿಸಬೇಡಿ

ಪ್ರಶ್ನೆ: ನನಗೆ 46 ವರ್ಷ. ಮೈಸೂರಿನವನು, ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತ. ನನ್ನ ತಂದೆ ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. 1985ರಲ್ಲಿ ಅವರು ಕೊಂಡ ಯೆಜ್ಡಿ ರೋಡ್‌ಕಿಂಗ್ ಇಂದಿಗೂ ನಮ್ಮ ಮನೆಯಲ್ಲಿದೆ. ಅವರು ತೀರಿಕೊಂಡ ಮೇಲೆ ಅದು ನನ್ನದಾಯಿತು. ಹದಿನಾಲ್ಕು ತಿಂಗಳ ಹಿಂದೆ ಹುಣಸೂರು ರಸ್ತೆಯಲ್ಲಿ, ರಾತ್ರಿ ಹೊತ್ತು, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗೆ ಗುದ್ದಿ ಬಿದ್ದೆ. ಎಡ ಮೊಣಕಾಲಿನ ಕೆಳಗಿನ ಮೂಳೆಯ ಮೇಲ್ಭಾಗ ಒಡೆದು ಪ್ಲೇಟ್, ಸ್ಕ್ರೂ ಹಾಕಿದ್ದಾರೆ. ಕಾಲು ಈಗ ತೊಂಬತ್ತು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಮಡಚುತ್ತದೆ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು "ಇನ್ನು ಬೈಕ್ ಮರೆತುಬಿಡಿ" ಎಂದಷ್ಟೇ ಹೇಳಿ ಮುಂದಿನ ರೋಗಿಯನ್ನು ಕರೆದರು. ಗಾಡಿಯನ್ನು ಮೆಕ್ಯಾನಿಕ್ ಸರಿಮಾಡಿ ಕೊಟ್ಟಿದ್ದಾರೆ. ಆದರೆ ಅದರ ಮೇಲೆ ಕುಳಿತರೆ ಅಂಗೈ ಬೆವರುತ್ತದೆ. ರಾತ್ರಿ ಟ್ರ್ಯಾಕ್ಟರ್ ಸದ್ದಿಗೆ ಎಚ್ಚರವಾಗುತ್ತದೆ. ಹುಣಸೂರಿಗೆ ಹೋಗಬೇಕಾದರೆ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತೇನೆ. ಹೆಂಡತಿ ಗಾಡಿಯನ್ನು ಗುಜರಿಗೆ ಹಾಕಿ ಎನ್ನುತ್ತಾಳೆ. ಪಕ್ಕದ ಮನೆಯಲ್ಲೇ ಇರುವ ತಮ್ಮನ ಮಗ, 21 ವರ್ಷದವನು, ನನಗೆ ಕೊಡಿ ದೊಡ್ಡಪ್ಪ ಎನ್ನುತ್ತಾನೆ. ಬೆಂಗಳೂರಿನ ಒಬ್ಬರು ಒಳ್ಳೆಯ ಬೆಲೆ ಹೇಳಿದ್ದಾರೆ. ನಾನು ಮತ್ತೆ ಓಡಿಸಬಹುದೇ? ಕೊನೆಗೆ ಒಂದು ಸಲವಾದರೂ? ಸೈಡ್‌ಕಾರ್ ಹಾಕಿಸಿದರೆ? ಕಬ್ಬಿಣದ ಗಾಡಿಗಾಗಿ ಈ ವಯಸ್ಸಿನಲ್ಲಿ ಕಣ್ಣೀರು ಬರುವುದು ಸರಿಯೇ?
— ಹೆಸರು ಬೇಡ, ಮೈಸೂರು

ಉತ್ತರ (ಪುನಶ್ಚೇತನ ವೈದ್ಯರಿಂದ): ಈ ಕಾಲಿನಲ್ಲಿ ಈ ಗಾಡಿಯನ್ನು ರಸ್ತೆಗೆ ಇಳಿಸಬೇಡಿ. ನಿಮ್ಮ ವೈದ್ಯರು ಹೇಳಿದ್ದು ಸರಿ. ಕಾರಣ ಹೇಳದೆ ಕಳುಹಿಸಿದ್ದು ಮಾತ್ರ ಸರಿಯಲ್ಲ. ಕಾರಣ ತಿಳಿಯದ ನಿಷೇಧವನ್ನು ಯಾರೂ ಬಹಳ ದಿನ ಪಾಲಿಸುವುದಿಲ್ಲ. ಆರೆಂಟು ತಿಂಗಳು ಸುಮ್ಮನಿದ್ದು, ಒಂದು ಭಾನುವಾರ ಬೆಳಿಗ್ಗೆ ಮನೆಯವರು ಏಳುವ ಮೊದಲು ಗಾಡಿ ಹೊರಗೆ ತೆಗೆಯುತ್ತಾರೆ. ಆದ್ದರಿಂದ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಪೆಟ್ಟು ಬಿದ್ದದ್ದು ಎಡಗಾಲಿಗೆ. ಯೆಜ್ಡಿಯಲ್ಲಿ ಕಿಕ್ಕರ್ ಇರುವುದೂ ಎಡಕ್ಕೇ; ಗೇರ್ ಹಾಕುವ ಲಿವರನ್ನೇ ಎಬ್ಬಿಸಿ ಕಿಕ್ಕರ್ ಮಾಡಿಕೊಳ್ಳಬೇಕೆಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಗೇರ್ ಬದಲಿಸುವುದು ಪಾದದ ಕೆಲಸ, ಅದು ನಿಮ್ಮಿಂದ ಆದೀತು. ಕಿಕ್ ಹೊಡೆಯುವುದು ಹಾಗಲ್ಲ. ಸೀಟಿನ ಮೇಲಿಂದ ಹೊಡೆಯಲು ಮಡಚಿ ಎತ್ತಿದ ಮೊಣಕಾಲನ್ನು ಇಡೀ ಮೈಭಾರದೊಂದಿಗೆ ಕೆಳಗೆ ಒತ್ತಬೇಕು. ಇಗ್ನಿಷನ್ ಸಮಯ, ಅಂದರೆ ಎಂಜಿನ್ನಿನೊಳಗೆ ಕಿಡಿ ಹಾರುವ ಗಳಿಗೆ, ಸ್ವಲ್ಪ ತಪ್ಪಿದ್ದರೆ ಲಿವರ್ ತಿರುಗಿ ಒದೆಯುತ್ತದೆ, ಆ ಏಟು ಅಂಗಾಲಿನಿಂದ ನೇರ ಮೊಣಕಾಲಿನ ಕೀಲಿಗೆ ಹೋಗುತ್ತದೆ. ಪಕ್ಕದಲ್ಲಿ ನಿಂತು ಬಲಗಾಲಿನಲ್ಲಿ ಹೊಡೆಯುತ್ತೇನೆ ಎನ್ನುತ್ತೀರಿ. ಆಗ ಮೈಭಾರವೆಲ್ಲ ಎಡಗಾಲಿನ ಮೇಲೆ. ಗಾಡಿ ಚಾಲೂ ಆದ ಮೇಲಾದರೂ ಕಷ್ಟ ತೀರುವುದಿಲ್ಲ. ನಾವು ರಸ್ತೆಯ ಎಡಬದಿಯಲ್ಲಿ ಓಡಿಸುವವರು. ಮಳೆನೀರು ಹರಿದುಹೋಗಲೆಂದು ರಸ್ತೆ ಆ ಬದಿಗೆ ಇಳಿಜಾರಾಗಿರುತ್ತದೆ. ನಿಲ್ಲಿಸಿದಾಗ ಗಾಡಿ ವಾಲುವುದು ಅತ್ತಲೇ, ನೆಲ ಮುಟ್ಟುವುದು ಎಡಗಾಲೇ. ಮಣ್ಣಿನ ಅಂಚು, ಜಲ್ಲಿ, ಮಧ್ಯಾಹ್ನದ ಮಳೆ ಏನೇ ಇರಲಿ, ನೂರ ಮೂವತ್ತು ಕಿಲೋ ಮೀರಿದ ಗಾಡಿಯ ಭಾರವನ್ನು ಆ ಕಾಲು ಅರೆಕ್ಷಣ ತಡೆಯಬೇಕು. ತೊಂಬತ್ತು ಡಿಗ್ರಿಯ ಆಸುಪಾಸಿನಲ್ಲಿ ನಿಂತ ಮೊಣಕಾಲು, ತೆಳುವಾದ ತೊಡೆ. ಆಗುವುದಿಲ್ಲ.

ಒಡೆದದ್ದು ತೊಡೆಯ ಮೂಳೆ ಬಂದು ಕೂರುವ ಜಾಗ. ಅದರ ಮೇಲೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಮೂಳೆ ಕೂಡಿದರೂ ಆ ಹೊದಿಕೆ ಮೊದಲಿನಂತೆ ಆಗುವುದಿಲ್ಲ. ಇಂಥ ಪೆಟ್ಟಾದವರಲ್ಲಿ ಹಲವರಿಗೆ ಮುಂದೆ ಆ ಕೀಲಿನಲ್ಲಿ ಸವೆತ ಬರುತ್ತದೆ. ಇನ್ನೊಂದು ಮಾತು. ಪ್ಲೇಟ್ ಮುಗಿಯುವ ಅಂಚಿನಲ್ಲಿ ಮೂಳೆಯ ಮೇಲೆ ಒತ್ತಡ ಹೆಚ್ಚು. ಮತ್ತೆ ಬಿದ್ದರೆ ಒಡೆಯುವ ಸಾಧ್ಯತೆ ಅಲ್ಲಿ ಇದೆ. ಹಾಗೆ ಒಡೆದದ್ದನ್ನು ಸರಿಪಡಿಸುವುದು ಮೊದಲ ಸಲಕ್ಕಿಂತ ಕಷ್ಟ. ಎರಡನೆಯ ಸಲ ಬಂದ ರೋಗಿಗೆ "ನಡೆಯುತ್ತೀರಿ" ಎಂದು ಭರವಸೆ ಕೊಡುವಾಗ ನನ್ನಂಥವರ ದನಿ ತಗ್ಗುತ್ತದೆ.

ನೋವಿಗೆ ಏನು ತೆಗೆದುಕೊಳ್ಳುತ್ತಿದ್ದೀರಿ ಎಂದು ಬರೆದಿಲ್ಲ. ಪ್ರಿಗ್ಯಾಬಲಿನ್, ಟ್ರಮಡಾಲ್, ಅಮಿಟ್ರಿಪ್ಟಿಲಿನ್ ಇವುಗಳಲ್ಲಿ ಯಾವುದಾದರೂ ಇದ್ದರೆ ಮಂಪರು ಬರಬಹುದು, ಪ್ರತಿಕ್ರಿಯೆ ನಿಧಾನವಾಗಬಹುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅರ್ಧ ಸೆಕೆಂಡ್ ತಡವಾಯಿತೆಂದರೆ ಗಾಡಿ ಎಂಟು ಮೀಟರ್ ಮುಂದೆ ಹೋಗಿರುತ್ತದೆ. ನಿಮ್ಮದು ಟೂ-ಸ್ಟ್ರೋಕ್. ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸುವ ಗುಣ ಅದರಲ್ಲಿ ಕಡಿಮೆ. ಇರುವುದೆಲ್ಲ ಆ ಹಳೆಯ ಡ್ರಮ್ ಬ್ರೇಕ್‌ಗಳ ಭರವಸೆ.

ಸೈಡ್‌ಕಾರ್ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ: ವಾಹನದ ರಚನೆ ಬದಲಿಸಲು ಆರ್‌ಟಿಓ ಒಪ್ಪಿಗೆ ಬೇಕು, ಒಪ್ಪಿಗೆ ಸಿಕ್ಕರೂ ಕಿಕ್ಕರ್ ಎಡಕ್ಕೇ ಇರುತ್ತದೆ.

ಹಾಗಾದರೆ ಯಾವ ದ್ವಿಚಕ್ರ ವಾಹನವೂ ಬೇಡವೇ? ಅದನ್ನು ನಾನು ಇಲ್ಲಿಂದ ಹೇಳಲಾರೆ. ಇಷ್ಟು ತಿಂಗಳಾದ ಮೇಲೆ ಬರಿಯ ವ್ಯಾಯಾಮದಿಂದ ಮೊಣಕಾಲು ಇನ್ನೂ ಬಹಳ ಮಡಚುತ್ತದೆಂದು ನಿರೀಕ್ಷಿಸಬೇಡಿ. ಅಂಟಿಕೊಂಡದ್ದನ್ನು ಬಿಡಿಸುವ ಶಸ್ತ್ರಚಿಕಿತ್ಸೆ ಉಂಟು, ನಿಮಗೆ ಅದು ಬೇಕೇ ಎಂಬುದನ್ನು ಮೂಳೆ ತಜ್ಞರು ನೋಡಿ ಹೇಳಬೇಕು. ಆದರೆ ತೊಡೆಯ ಮುಂಭಾಗದ ಸ್ನಾಯುವನ್ನು ಈಗಲೂ ಬಲಪಡಿಸಬಹುದು. ಮನೆಯಲ್ಲೇ ನೋಡಿಕೊಳ್ಳಿ: ಗೋಡೆಯ ಪಕ್ಕ ನಿಂತು, ಗೋಡೆ ಹಿಡಿಯದೆ ಎಡಗಾಲೊಂದರಲ್ಲೇ ಅರ್ಧ ನಿಮಿಷ ನಿಲ್ಲಲು ಆಗುತ್ತದೆಯೇ? ಬಲಗಾಲನ್ನು ಮೊದಲು ಕೆಳಗಿಟ್ಟು ಮೆಟ್ಟಿಲು ಇಳಿಯುವಾಗ ಎಡ ಮೊಣಕಾಲು ನಡುಗದೆ, ಒಳಕ್ಕೆ ವಾಲದೆ ಮೈಭಾರವನ್ನು ನಿಧಾನವಾಗಿ ಇಳಿಸುತ್ತದೆಯೇ? ಇವೆರಡೂ ಆದರೆ, ಎರಡೂ ಬ್ರೇಕ್ ಕೈಯಲ್ಲಿರುವ, ಬಟನ್ ಒತ್ತಿದರೆ ಚಾಲೂ ಆಗುವ, ಕಾಲು ಎತ್ತಿ ಹತ್ತಬೇಕಾಗಿಲ್ಲದ ಗೇರಿಲ್ಲದ ಸ್ಕೂಟರಿನ ವಿಚಾರ ಮಾತಾಡಬಹುದು. ನೀವು ನಲವತ್ತು ದಾಟಿದವರು, ಪರವಾನಗಿ ನವೀಕರಿಸುವಾಗ ಹೇಗೂ ನಮೂನೆ 1-ಎ ವೈದ್ಯಕೀಯ ಪ್ರಮಾಣಪತ್ರ ಬೇಕು. ಅದನ್ನು ಪರಿಚಯದ ವೈದ್ಯರ ಬಳಿ ಐದು ನಿಮಿಷದಲ್ಲಿ ಸಹಿ ಹಾಕಿಸಿಕೊಳ್ಳುವ ಚೀಟಿ ಎಂದುಕೊಳ್ಳದೆ ಕಾಲನ್ನು ನಿಜವಾಗಿ ತೋರಿಸಿ. ಒಂದು ಲೆಕ್ಕವೂ ತಲೆಯಲ್ಲಿರಲಿ: 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಮಂದಿಯಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದ ಮೇಲಿದ್ದವರು. ಸ್ಕೂಟರೂ ಅದರಲ್ಲೇ ಬರುತ್ತದೆ.

ನಿಮ್ಮ ಪತ್ರದಲ್ಲಿ ಕಾಲಿಗಿಂತ ನನಗೆ ಹೆಚ್ಚು ಚಿಂತೆ ತಂದದ್ದು ಅಂಗೈ ಬೆವರುವುದು, ಟ್ರ್ಯಾಕ್ಟರ್ ಸದ್ದಿಗೆ ಎಚ್ಚರವಾಗುವುದು, ಹುಣಸೂರು ರಸ್ತೆಯನ್ನು ತಪ್ಪಿಸುವುದು. ಅಪಘಾತವಾದ ಮೊದಲ ಕೆಲವು ವಾರ ಹೀಗಾಗುವುದು ಸಹಜ. ಒಂದು ವರ್ಷ ದಾಟಿಯೂ ಉಳಿದಿದ್ದರೆ ಅದು ಆಘಾತದ ನಂತರದ ಮಾನಸಿಕ ಒತ್ತಡದ ತೊಂದರೆ ಇರಬಹುದು. ಅದು ಪುಕ್ಕಲುತನವಲ್ಲ, ಅದಕ್ಕೆ ಚಿಕಿತ್ಸೆ ಇದೆ. ಭಯ ಹುಟ್ಟಿಸುವ ನೆನಪನ್ನು ತರಬೇತಾದ ಚಿಕಿತ್ಸಕರ ಮುಂದೆ, ಅಳತೆಯಲ್ಲಿ, ಮತ್ತೆ ಮತ್ತೆ ಎದುರಿಸುವ ಮಾತಿನ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತದೆ. ಬರೀ ನಿದ್ದೆ ಮಾತ್ರೆ ನುಂಗಿ ಕಾಲ ಹಾಕಬೇಡಿ. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದಿದ್ದರೆ 14416ಕ್ಕೆ ಕರೆ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

"ಕೊನೆಗೆ ಒಂದು ಸಲ" ಎಂಬುದಕ್ಕೆ ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ಬೆವರುವ ಕೈ, ಮಡಚದ ಕಾಲು, ಎದೆಯಲ್ಲಿ ಅಪ್ಪನ ನೆನಪು. ಗಾಡಿ ಓಡಿಸಲು ಇದಕ್ಕಿಂತ ಕೆಟ್ಟ ಗಳಿಗೆ ಇಲ್ಲ. ಬೇಕಾದರೆ ಸೆಂಟರ್ ಸ್ಟ್ಯಾಂಡ್ ಹಾಕಿಸಿ, ಬೇರೆಯವರಿಂದ ಚಾಲೂ ಮಾಡಿಸಿ, ಕುಳಿತು ಸದ್ದು ಕೇಳಿ. ಅದಕ್ಕೂ ಚಿಕಿತ್ಸಕರನ್ನು ಒಂದು ಮಾತು ಕೇಳಿಕೊಳ್ಳಿ.

ಕಣ್ಣೀರಿನ ಬಗ್ಗೆ ಕೇಳಿದ್ದೀರಿ. ನಿಮ್ಮ ತಂದೆ ಯಾವ ಕಾರ್ಖಾನೆಯಲ್ಲಿ ದುಡಿದರೋ ಅದು 1996ರಲ್ಲಿ ಮುಚ್ಚಿತು, ತಂದೆಯೂ ಹೋದರು. ಉಳಿದದ್ದು ಅವರ ಕೈ ತಾಗಿದ ಈ ಗಾಡಿ. ಅಪಘಾತ ನಿಮ್ಮಿಂದ ಓಡಾಟದ ಸ್ವಾತಂತ್ರ್ಯವನ್ನೂ ಕಸಿದಿದೆ. ಅಳು ಬರದಿದ್ದರೆ ನಾನು ಬೇರೆ ಪ್ರಶ್ನೆಗಳನ್ನು ಕೇಳಬೇಕಾಗುತ್ತಿತ್ತು. ಆದರೆ ಎರಡು ವಿಷಯಗಳನ್ನು ನೀವು ಒಂದೇ ಗಂಟು ಹಾಕಿದ್ದೀರಿ. ಓಡಿಸುವುದನ್ನು ಬಿಡುವುದು ಮೂಳೆ, ಸ್ನಾಯುಗಳಿಗೆ ಸೇರಿದ ಮಾತು. ಅದಕ್ಕೆ ಉತ್ತರ ಸಿಕ್ಕಿತು. ಗಾಡಿಯನ್ನು ಇಟ್ಟುಕೊಳ್ಳುವುದೋ ಕೊಡುವುದೋ ಎಂಬುದು ಮನೆಯ ಮಾತು. ಅದಕ್ಕೆ ಅವಸರವೇನೂ ಇಲ್ಲ. ಭಯಕ್ಕೆ ಚಿಕಿತ್ಸೆ ನಡೆಯುತ್ತಿರುವಾಗ ಮಾರಿದವರಲ್ಲಿ ಕೆಲವರು ಆಮೇಲೆ ಅದೇ ಗಾಡಿಯನ್ನು ಹುಡುಕಿಕೊಂಡು ಹೋಗುವುದನ್ನು ನೋಡಿದ್ದೇನೆ, ಹೆಚ್ಚಿನ ಬೆಲೆಗೆ.

ನಿಮ್ಮ ಹೆಂಡತಿಯ ವಿಷಯವನ್ನು ಪತ್ರದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ಅದು ನನಗೆ ಹಿಡಿಸಲಿಲ್ಲ. ಅಂದು ರಾತ್ರಿ ಫೋನ್ ಎತ್ತಿದವರು ಯಾರು? ಆಸ್ಪತ್ರೆಯ ಕಾರಿಡಾರಿನಲ್ಲಿ ನಿಮ್ಮ ಹರಿದ ಪ್ಯಾಂಟಿನ ಚೀಲ ಹಿಡಿದು ಕುಳಿತವರು ಯಾರು? ಗಾಡಿ ಮನೆಯ ಮುಂದೆಯೇ ನಿಂತಿದ್ದರೆ, ದಿನಾ ಬೆಳಿಗ್ಗೆ ರಂಗೋಲಿ ಹಾಕಲು ಬಾಗಿಲು ತೆಗೆದ ಕೂಡಲೇ ಆಕೆಗೆ ಕಾಣುವುದು ಅದೇ. ಗುಜರಿ ಎಂಬ ಮಾತು ಕೋಪದಿಂದ ಬಂದದ್ದಲ್ಲ. ಮೊದಲು ಗಾಡಿಯನ್ನು ಕಣ್ಣಿಂದ ಸರಿಸಿ: ಮೆಕ್ಯಾನಿಕ್‌ನ ಶೆಡ್ಡೋ, ಗೆಳೆಯರ ಗ್ಯಾರೇಜೋ. ಇಷ್ಟಾದರೆ ಮನೆಯ ಮಾತಿನ ಬಿಸಿ ಅರ್ಧ ಇಳಿಯುತ್ತದೆ. ನನ್ನಂಥವರ ಬಳಿ ಬರುವಾಗ ಆಕೆಯನ್ನೂ ಕರೆದುಕೊಂಡು ಬನ್ನಿ, ಹೊರಗೆ ಕೂರಿಸಬೇಡಿ.

ಇದೇ ಕಾರಣಕ್ಕೆ ತಮ್ಮನ ಮಗನಿಗೆ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಹುಡುಗ ಒಳ್ಳೆಯವನೇ ಇರಬಹುದು. ಆದರೆ ಪಕ್ಕದ ಮನೆಯ ಗೇಟಿನಿಂದ ಅದೇ ಸದ್ದು ಸಂಜೆ ಹೊರಟಿತೆಂದರೆ, ಅದು ಹಿಂದಿರುಗುವ ತನಕ ನಿಮ್ಮ ಮನೆಯಲ್ಲಿ ಒಬ್ಬರು ಕಿವಿ ನಿಮಿರಿಸಿ ಕೂತಿರುತ್ತಾರೆ. ಬಹುಶಃ ಇಬ್ಬರು. ಅಜ್ಜನ ಗಾಡಿಯನ್ನು ಸಾಗಿಸಿಕೊಂಡು ಹೋಗುವ ಹೊಣೆಯನ್ನು 21ರ ಹುಡುಗನ ಹೆಗಲಿಗೆ ಹಾಕುವುದೂ ಬೇಡ.

ಕೆಲವು ತಿಂಗಳು ಇಟ್ಟುಕೊಳ್ಳುವುದಾದರೆ ಸರಿಯಾಗಿ ಇಡಿ. ಹಳೆಯ ಗಾಡಿಗಳನ್ನು ಬಲ್ಲ ಮೆಕ್ಯಾನಿಕ್ ಒಬ್ಬರನ್ನು ಕೇಳಿ ತಿಳಿದುಕೊಂಡದ್ದನ್ನು ಬರೆಯುತ್ತೇನೆ. ಟ್ಯಾಂಕ್, ಕಾರ್ಬ್ಯುರೇಟರ್ ಎರಡರಿಂದಲೂ ಪೆಟ್ರೋಲ್ ಪೂರ್ತಿ ಇಳಿಸಬೇಕು. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ, ಹಳೆಯ ಟ್ಯಾಂಕಿಗೂ ರಬ್ಬರ್ ಭಾಗಗಳಿಗೂ ಒಳ್ಳೆಯದಲ್ಲ. ಟ್ಯಾಂಕಿನ ಒಳಗೆ ಎಣ್ಣೆ ಸವರಬೇಕು. ಸ್ಪಾರ್ಕ್ ಪ್ಲಗ್ ತೆಗೆದು ಸ್ವಲ್ಪ ಎಣ್ಣೆ ಬಿಟ್ಟು ಕಿಕ್ಕರನ್ನು ಕೈಯಿಂದ ಮೆಲ್ಲಗೆ ತಿರುಗಿಸಿದರೆ ಒಳಗೆ ತುಕ್ಕು ಹಿಡಿಯುವುದು ತಡವಾಗುತ್ತದೆ. ಇದೆಲ್ಲ ಕುಳಿತು ಮಾಡುವ ಕೆಲಸ, ನೀವೇ ಮಾಡಿ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ–ಯೆಜ್ಡಿ ದಿನಕ್ಕೆ ಸೇರುವ ಈ ಬೈಕುಗಳ ಅಭಿಮಾನಿಗಳಲ್ಲಿ ಈ ಗಾಡಿಯ ಒಳಹೊರಗು ತಿಳಿದವರ ಮಾತಿಗೆ ಬೆಲೆ ಇದೆ, ಅಲ್ಲಿಗೆ ಬಸ್ಸಿನಲ್ಲೂ ಹೋಗಬಹುದು.

ಕೊಡುವ ಮನಸ್ಸಾದ ದಿನ ಗುಜರಿಗೆ ಮಾತ್ರ ಕೊಡಬೇಡಿ. ಓಡುವ ಸ್ಥಿತಿಯಲ್ಲಿರುವಾಗಲೇ, ಓಡಿಸುವವರಿಗೆ ಕೊಡಿ. ಬೆಂಗಳೂರಿನವರೇ ಆಗಬಹುದು. ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಇರುತ್ತದೆ, ಅದು ಚಾಲ್ತಿಯಲ್ಲಿದೆಯೇ ನೋಡಿ. ದಾಖಲೆ ಇನ್ನೂ ತಂದೆಯವರ ಹೆಸರಿನಲ್ಲೇ ಇದ್ದರೆ ಮೊದಲು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ದುಡ್ಡು ಎಣಿಸಿಕೊಂಡು ಕೀಲಿ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30 ಸಲ್ಲಿಸಿ, ಆರ್‌ಟಿಓ ದಾಖಲೆಯಲ್ಲಿ ಹೆಸರು ಬದಲಾದದ್ದನ್ನು ಕಣ್ಣಾರೆ ನೋಡಿ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರಿಗೆ ಹದಿನಾಲ್ಕು ದಿನದ ಅವಧಿ ಇದೆ, ಅದನ್ನೂ ನೆನಪಿಸಿ.

ಮುಂದಿನ ಭೇಟಿಗೆ ಹೊಸ ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿ, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ ತೆಗೆದುಕೊಂಡು ಹೋಗಿ. ಬೈಕಿನ ಮಾತನ್ನು ನೀವೇ ಎತ್ತಿ, ಅವರು ಕೇಳಲಿ ಎಂದು ಕಾಯಬೇಡಿ.